ಅಮ್ಮನಿಗೆ ಬೇಜಾರಿಲ್ಲ ಅಂತ ಜಪಾನಿಯಲ್ಲಿ ಹೇಳೋದು ಹೇಗೆ?

ಕಳೆದ ವರ್ಷ ಈ ಹೊತ್ತಿಗೆ ನನಗೆ ಗೊತ್ತಿದ್ದ ಜಪಾನಿ ಪದಗಳು ನಾಲ್ಕೇ ನಾಲ್ಕು. ಅರಿಗಾತೋ, ಒಹಾಯೋ, ಸುಶಿ, ಸುನಾಮಿ. ಇವತ್ತು ಆರುನೂರು ಪದ ಗೊತ್ತಿದೆ ಅಂತ ಮೊಬೈಲ್ ಆ್ಯಪ್ ಹೇಳುತ್ತೆ. ಬೇಕಾದಾಗ ಬಾಯಿಗೆ ಬರೋದು ಅರವತ್ತು ಅಂತ ನಾನು ಹೇಳ್ತೀನಿ.

ಜಪಾನಿ ಯಾಕೆ ಕಲಿತಿದ್ದೀಯ, ಆನ್‌ಸೈಟಾ ಅಂತ ಆಫೀಸಲ್ಲಿ ಎಲ್ಲರೂ ಕೇಳ್ತಾರೆ. ಅಲ್ಲ. ನನ್ನಣ್ಣ ಐದು ವರ್ಷದ ಹಿಂದೆ ಹಮಾಮಾತ್ಸುಗೆ ಕೆಲಸಕ್ಕೆ ಹೋದವನು ಅಲ್ಲಿಯವಳನ್ನೇ ಮದುವೆಯಾದ. ಅತ್ತಿಗೆಗೆ ಇಂಗ್ಲಿಷ್ ಸ್ವಲ್ಪ ಬರುತ್ತೆ. ಅತ್ತಿಗೆಯ ಅಮ್ಮನಿಗೆ, ಅಂದರೆ ನಮ್ಮಮ್ಮನ ಬೀಗಿತ್ತಿಗೆ, ಒಂದು ಪದವೂ ಬರಲ್ಲ. ತಿಪಟೂರಿನಲ್ಲಿರೋ ನಮ್ಮಮ್ಮನಿಗೆ ಕನ್ನಡ ಬಿಟ್ಟು ಬೇರೆ ಬರಲ್ಲ. ವಿಡಿಯೋ ಕಾಲ್‌ನಲ್ಲಿ ಇಬ್ಬರೂ ಎದುರುಬದುರು ಕೂತು ನಗ್ತಾರೆ, ತಲೆ ಬಗ್ಗಿಸ್ತಾರೆ, ಮತ್ತೆ ನಗ್ತಾರೆ. ಅತ್ತಿಗೆ ಬಸುರಿ ಅಂತ ಗೊತ್ತಾದ ವಾರವೇ ನಾನು ಆನ್‌ಲೈನ್ ಕ್ಲಾಸಿಗೆ ಸೇರಿಕೊಂಡೆ. ಮನೆಯಲ್ಲಿ ಒಬ್ಬರಿಗಾದರೂ ಮಾತು ಬರಬೇಕಲ್ಲ.

ಶನಿವಾರ ಸಂಜೆ ಕ್ಲಾಸು. ಮಿನ್ನಾ ನೋ ನಿಹೊಂಗೊ ಅನ್ನೋ ಪುಸ್ತಕ. ಮೊದಲ ಏಳು ಪಾಠ ಆರಾಮಾಗಿ ಹೋಯ್ತು. ವಾಕ್ಯದ ಕೊನೆಗೆ ಕ್ರಿಯಾಪದ, ಹೆಸರಿನ ಹಿಂದೆ ಪ್ರತ್ಯಯ. ಎಲ್ಲ ನಮ್ಮ ಕನ್ನಡದ ಹಾಗೇ. ಇಂಗ್ಲಿಷ್ ಮೀಡಿಯಂನವರು ತಲೆ ಕೆರೆದುಕೊಳ್ತಿದ್ದಾಗ ನಾನು ಕನ್ನಡದಲ್ಲಿ ಯೋಚನೆ ಮಾಡಿ ಪದ ಬದಲಿಸಿ ಹೇಳಿಬಿಡ್ತಿದ್ದೆ. ಎಂಟನೇ ಪಾಠದಲ್ಲಿ ಗುಣವಾಚಕ ಬಂತು. ಅಲ್ಲಿ ನನ್ನ ಜಂಬ ಇಳೀತು.

ಮೊದಲ ಪೆಟ್ಟು ಬಿದ್ದಿದ್ದು ಟೀ ವಿಷಯದಲ್ಲಿ. ಹಮಾಮಾತ್ಸು ಇರೋದು ಶಿಜುವೊಕ ಪ್ರಾಂತ್ಯದಲ್ಲಿ, ಅದು ಗ್ರೀನ್ ಟೀಗೆ ಹೆಸರುವಾಸಿ. ಅಣ್ಣನ ಸ್ನೇಹಿತ ಊರಿಗೆ ಬಂದಾಗ ಅತ್ತಿಗೆಯ ಅಮ್ಮ ಒಂದು ಡಬ್ಬಿ ಟೀ ಕಳಿಸಿದ್ದರು. ನಮ್ಮಮ್ಮ ಅದಕ್ಕೆ ಹಾಲು, ಸಕ್ಕರೆ, ಒಂದು ಏಲಕ್ಕಿ ಹಾಕಿ ಕುದಿಸಿದಳು ಅನ್ನೋದನ್ನ ನಾನು ಅವರಿಗೆ ಹೇಳಲಿಲ್ಲ. ಚೆನ್ನಾಗಿತ್ತು ಅಂತ ಮಾತ್ರ ಹೇಳೋಣ ಅಂದ್ಕೊಂಡೆ. 'ಒಯಿಶೀ' ಅಂದರೆ ರುಚಿ. 'ದೆಸು' ಅಂದರೆ ಇದೆ, 'ದೆಶ್ತಾ' ಅಂದರೆ ಇತ್ತು. ಲೆಕ್ಕ ಸರಿಯಾಗಿದೆ ಅಂತ ಧೈರ್ಯವಾಗಿ "ಒಯಿಶೀ ದೆಶ್ತಾ" ಅಂದೆ.

ಒಕಾಸಾನ್ (ಅತ್ತಿಗೆಯ ಅಮ್ಮನನ್ನ ನಾನೂ ಹಾಗೇ ಕರೀತೀನಿ, ಅಮ್ಮ ಅಂತ) ನಕ್ಕು ಮೆಲ್ಲಗೆ, "ಒಯಿಶಿಕತ್ತಾ? ಯೊಕತ್ತಾ!" ಅಂದರು.

ತಪ್ಪನ್ನ ತಪ್ಪು ಅಂತ ಹೇಳದೆ ಸರಿಯಾದದ್ದನ್ನ ವಾಪಸ್ ಕೊಡೋ ರೀತಿ ಅದು. ಎಲ್ಲಿ ಎಡವಿದೆ ಅಂತ ಮುಂದಿನ ಶನಿವಾರ ಸೆನ್ಸೇ ಬಿಡಿಸಿ ಹೇಳಿದರು.

ಜಪಾನಿಯಲ್ಲಿ ಗುಣವಾಚಕಗಳಲ್ಲಿ ಎರಡು ಗುಂಪು. ಮೊದಲನೇದು 'ಇ' ಗುಂಪು. ಈ ಪದಗಳು 'ಇ' ಕಾರದಲ್ಲಿ ಮುಗೀತವೆ: ಒಯಿಶೀ, ತಕಾಯ್ (ಎತ್ತರದ, ದುಬಾರಿ), ಸಮುಯಿ (ಚಳಿ). ಇವು ಹೆಸರಿಗೆ ಗುಣವಾಚಕಗಳಾದರೂ ನಡತೆಯಲ್ಲಿ ಕ್ರಿಯಾಪದದ ತಂಗಿಯರು. ಕಾಲ ಬದಲಾದರೆ ಪಕ್ಕದ ಪದ ಬದಲಾಗಲ್ಲ, ಇವೇ ಬದಲಾಗ್ತವೆ. ಕೊನೆಯ 'ಇ' ತೆಗೆದು 'ಕತ್ತಾ' ಹಚ್ಚಿದರೆ ಭೂತಕಾಲ: ಒಯಿಶಿಕತ್ತಾ, ರುಚಿಯಾಗಿತ್ತು. 'ಕುನಾಯ್' ಹಚ್ಚಿದರೆ ನಿಷೇಧ: ಒಯಿಶಿಕುನಾಯ್, ರುಚಿಯಾಗಿಲ್ಲ. ಎರಡನ್ನೂ ಸೇರಿಸಿದರೆ ಒಯಿಶಿಕುನಕತ್ತಾ, ರುಚಿಯಾಗಿರಲಿಲ್ಲ. ಒಂದೇ ಪದದೊಳಗೆ ರುಚಿ, ಇಲ್ಲ, ನಿನ್ನೆ ಮೂರೂ ಬಂದುಬಿಡ್ತು.

ಹಾಗಾದರೆ ಕೊನೆಯಲ್ಲಿರೋ 'ದೆಸು' ಯಾಕೆ? ಅಲ್ಲಿ ಅದು ಬರೀ ಮರ್ಯಾದೆಗೆ. ನಾವು "ಚೆನ್ನಾಗಿದೆ ರೀ" ಅಂತೀವಲ್ಲ, ಆ 'ರೀ' ಇದ್ದ ಹಾಗೆ. 'ರೀ'ಗೆ ಭೂತಕಾಲ ಹಚ್ಚೋಕಾಗುತ್ತಾ? ನಾನು ಮಾಡಿದ್ದು ಅದನ್ನೇ.

ನಮ್ಮ ಕನ್ನಡದಲ್ಲಿ ಹೇಗೆ ಅಂತ ಅವತ್ತೇ ಮೊದಲ ಸಲ ಕೂತು ಯೋಚಿಸಿದೆ. 'ದೊಡ್ಡ ಮನೆ' ಅಂತೀವಿ. ಆದರೆ 'ಮನೆ ದೊಡ್ಡ' ಅಂತ ವಾಕ್ಯ ಮುಗಿಸೋಕಾಗಲ್ಲ, 'ದೊಡ್ಡದು' ಅನ್ನಬೇಕು. ಮನುಷ್ಯರಾದರೆ ದೊಡ್ಡವನು, ದೊಡ್ಡವಳು, ದೊಡ್ಡವರು. ಜಪಾನಿಯಲ್ಲಿ ಗಂಡು, ಹೆಣ್ಣು, ಒಬ್ಬರು, ಹತ್ತು ಜನ ಎಲ್ಲರಿಗೂ ಒಂದೇ ರೂಪ. ನಮ್ಮ ಗುಣವಾಚಕ 'ಯಾರು?' ಅಂತ ಕೇಳುತ್ತೆ, ಅವರದು 'ಯಾವಾಗ?' ಅಂತ ಕೇಳುತ್ತೆ. ನಾನು ಹೀಗಂದಾಗ ಸೆನ್ಸೇ ನೋಟ್‌ಬುಕ್ ತೆಗೆದು ಬರ್ಕೊಂಡರು. ಇಡೀ ಕೋರ್ಸ್‌ನಲ್ಲಿ ನನಗೆ ಸಿಕ್ಕಿದ ದೊಡ್ಡ ಮರ್ಯಾದೆ ಅದೇ.

ಎರಡನೇದು 'ನ' ಗುಂಪು. ಶಿಜುಕಾ ಅಂದರೆ ನಿಶ್ಶಬ್ದ, ಶಾಂತ. ಡೋರೇಮಾನ್ ನೋಡಿ ಬೆಳೆದವರಿಗೆ ಈ ಸದ್ದು ಹೊಸದಲ್ಲ. ಶಾಂತವಾದ ಊರು ಅನ್ನೋಕೆ 'ಶಿಜುಕಾ ನ ಮಾಚಿ'. ನಡುವೆ ಒಂದು 'ನ' ಬರಲೇಬೇಕು. ಇವಕ್ಕೆ ಕಾಲ ತೋರಿಸೋ ಶಕ್ತಿ ಇಲ್ಲ, ಹಾಗಾಗಿ ಇಲ್ಲಿ 'ದೆಶ್ತಾ' ಅಂದರೆ ಸರಿ: ಶಿಜುಕಾ ದೆಶ್ತಾ, ಶಾಂತವಾಗಿತ್ತು.

ಎಲ್ಲರೂ ಇದನ್ನ ಬಾಯಿಪಾಠ ಮಾಡ್ತಿದ್ದಾಗ ನನಗೆ ಎಲ್ಲೋ ಕೇಳಿದ ಹಾಗಿದೆಯಲ್ಲ ಅನ್ನಿಸ್ತು. ಹೌದು, ನಮ್ಮ 'ಆದ'! ಹೊಸ ಮನೆ, ಹಳೆ ಮನೆ, ಸಣ್ಣ ಮನೆ ಅನ್ನೋವಾಗ ನಡುವೆ ಏನೂ ಬೇಡ. ಶಾಂತ, ಸುಂದರ, ಅನುಕೂಲ ಅನ್ನೋ ಸಂಸ್ಕೃತದ ಪದ ಬಂದರೆ ಶಾಂತವಾದ, ಸುಂದರವಾದ, ಅನುಕೂಲವಾದ ಅಂತೀವಿ. ಜಪಾನಿಯಲ್ಲೂ 'ನ' ಗುಂಪಿನ ಬಹಳಷ್ಟು ಪದಗಳು ಚೀನೀ ಮೂಲದಿಂದ ಬಂದ ನೆಂಟರು: ಬೆನ್ರಿ (ಅನುಕೂಲ), ಯೂಮೇ (ಪ್ರಸಿದ್ಧ), ಗೆಂಕಿ (ಆರೋಗ್ಯ, ಲವಲವಿಕೆ). ಇಂಗ್ಲಿಷಿನಿಂದ ಹೊಸ ಪದ ಬಂದರೂ ಹೆಚ್ಚಾಗಿ ಅದೇ ಬಾಗಿಲಿಂದ ಒಳಗೆ ಬಿಟ್ಕೊಳ್ತಾರೆ, 'ಹನ್ಸಾಮು ನ' ಅಂದರೆ ಹ್ಯಾಂಡ್ಸಮ್ ಆದ. ನಾವು 'ಕ್ಯೂಟಾದ ಪಾಪು' ಅನ್ನಲ್ವಾ, ಹಾಗೇ. ಶಿಜುಕಾ ಮಾತ್ರ ಅಪ್ಪಟ ಜಪಾನಿ ಪದವಾಗಿದ್ದೂ 'ನ' ಗುಂಪಲ್ಲಿ ಕೂತಿದೆ. ಯಾವ ಭಾಷೆಯೂ ನಿಯಮದ ಪುಸ್ತಕ ಓದಿ ಹುಟ್ಟಲ್ಲವಲ್ಲ.

ಹೊಸಬರು ಬೀಳೋ ಹಳ್ಳಗಳು ಇಲ್ಲೇ ಇವೆ. 'ಕಿರೇ' ಅಂದರೆ ಚೆಂದ, ಸ್ವಚ್ಛ. ಬರೆಯುವಾಗ ಕೊನೆಗೆ 'ಇ' ಅಕ್ಷರ ಇರುತ್ತೆ, ಆದರೆ ಅದು 'ನ' ಗುಂಪಿನದು. 'ಕಿರಾಯ್' ಅಂದರೆ ಇಷ್ಟವಿಲ್ಲದ್ದು, ಅದಕ್ಕೂ ಕೊನೆಗೆ 'ಇ', ಅದೂ 'ನ' ಗುಂಪು. ಒಂದು ಸ್ವರ ಆಚೀಚೆ ಆದರೆ "ನಿಮ್ಮ ಮನೆ ಚೆಂದ" ಅನ್ನೋದು "ನಿಮ್ಮ ಮನೆ ಕಂಡ್ರೆ ಆಗಲ್ಲ" ಅಂತಾಗಿಬಿಡುತ್ತೆ. ಇನ್ನು 'ಈ', ಅಂದರೆ ಒಳ್ಳೇದು. ಇದರ ಹಳೇ ರೂಪ 'ಯೊಯ್', ಹಾಗಾಗಿ ಭೂತಕಾಲದಲ್ಲಿ 'ಯೊಕತ್ತಾ' ಆಗುತ್ತೆ.

ಒಕಾಸಾನ್ ಅವತ್ತು ಅಂದ 'ಯೊಕತ್ತಾ' ಇದೇ. ಪದಶಃ 'ಒಳ್ಳೇದಿತ್ತು'. ಆದರೆ ಅವರು ಅದನ್ನ ಬಳಸೋದು ಸಮಾಧಾನದ ಉಸಿರು ಬಿಡೋಕೆ. ಕಳೆದುಹೋದ ಪರ್ಸ್ ಸಿಕ್ಕಾಗ, ತಡವಾದ ರೈಲು ಬಂದಾಗ, ಕಳಿಸಿದ ಟೀ ಇಷ್ಟವಾಯ್ತು ಅಂತ ಗೊತ್ತಾದಾಗ, ಯೊಕತ್ತಾ. ನಮ್ಮಮ್ಮ "ಸದ್ಯ, ಒಳ್ಳೇದಾಯ್ತು" ಅಂತಾಳಲ್ಲ, ಅದೇ ಭೂತಕಾಲ, ಅದೇ ಉಸಿರು.

ಚಳಿಗೂ ಹೀಗೇ. ಇಂಗ್ಲಿಷಿನವರಿಗೆ ಹವೆಯೂ ಕೋಲ್ಡ್, ನೀರೂ ಕೋಲ್ಡ್. ಜಪಾನಿಯಲ್ಲಿ ಹವೆಗೆ 'ಸಮುಯಿ', ಮುಟ್ಟಿದ್ದಕ್ಕೆ 'ತ್ಸುಮೆತಾಯ್'. ನಮಗೂ ಚಳಿ ಬೇರೆ, ತಣ್ಣಗೆ ಬೇರೆ. ಇದನ್ನ ಉರು ಹೊಡೀಬೇಕಾಗೇ ಇರಲಿಲ್ಲ. ಇನ್ನೊಂದು ವಿಷಯ ಕೇಳಿ. ಜಪಾನಿ ಬರಲ್ಲ ಅನ್ನೋ ನಿಮಗೂ ಎರಡು ಗುಣವಾಚಕ ಆಗಲೇ ಗೊತ್ತು. 'ಒಹಾಯೋ' ಹುಟ್ಟಿದ್ದು 'ಹಯಾಯ್' ಪದದಿಂದ, ಅಂದರೆ ಬೇಗ. ಬೇಗ ಎದ್ದಿದ್ದೀರಿ ಅನ್ನೋದೇ ಅವರ ಶುಭೋದಯ. 'ಅರಿಗಾತೋ' ಹುಟ್ಟಿದ್ದು 'ಅರಿಗತಾಯ್' ಪದದಿಂದ, ಅಂದರೆ ಇರೋದೇ ಕಷ್ಟ, ಅಪರೂಪ. ನೀವು ಮಾಡಿದ್ದು ಎಲ್ಲರೂ ಮಾಡೋದಲ್ಲ ಅಂತ ಥ್ಯಾಂಕ್ಸ್ ಹೇಳೋದು.

ಇಷ್ಟು ಕಲಿತು ನನ್ನ ಧೈರ್ಯ ಹೆಚ್ಚಿದ್ದ ಹೊತ್ತಿಗೆ ಮಗು ಹುಟ್ಟಿತು. ಹೆಣ್ಣುಮಗು. ಮೂರನೇ ದಿನ ಮೈ ಹಳದಿಯಾಗಿದೆ ಅಂತ ಡಾಕ್ಟರು ನೀಲಿ ಬೆಳಕಿನ ಕೆಳಗೆ ಮಲಗಿಸಿದರು. ಹುಟ್ಟಿದ ಮಕ್ಕಳಿಗೆ ಕಾಮಾಲೆ ಬರೋದು ಸಾಮಾನ್ಯ, ಗಾಬರಿ ಬೇಡ ಅಂತ ಅಣ್ಣ ಮೆಸೇಜ್ ಹಾಕಿದ. ಅಮ್ಮ ಗಾಬರಿಯಾಗಲಿಲ್ಲ. ದೇವರಿಗೆ ತುಪ್ಪದ ದೀಪ ಹಚ್ಚಿಟ್ಟು ಫೋನ್ ಪಕ್ಕದಿಂದ ಏಳಲೇ ಇಲ್ಲ, ಅಷ್ಟೆ.

ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದೆ. ನಮ್ಮ ಮಧ್ಯಾಹ್ನ ಒಕಾಸಾನ್ ಆಸ್ಪತ್ರೆಯಿಂದ ಮನೆಗೆ ಬಂದು ಕಾಲ್ ಮಾಡಿದರು. ಅತ್ತಿಗೆ ಆಸ್ಪತ್ರೆಯಲ್ಲಿ, ಅಣ್ಣ ಅಲ್ಲೇ. ಭಾಷಾಂತರಕ್ಕೆ ಯಾರೂ ಇಲ್ಲ, ನಾನೊಬ್ಬಳೇ. ಅವರು ಟ್ಯಾಬ್‌ನಲ್ಲಿ ಫೋಟೋ ತೆಗೆದು ಕ್ಯಾಮೆರಾ ಮುಂದೆ ಹಿಡಿದರು. ಡೈಪರ್ ಒಂದೇ ಹಾಕಿದ್ದ ಇಷ್ಟೇ ಇಷ್ಟು ಮೈ, ಕಣ್ಣಿಗೆ ಪಟ್ಟಿ.

ಏನಾದರೂ ಸಮಾಧಾನದ ಮಾತು ಹೇಳಬೇಕು. ಮುದ್ದು ಅನ್ನೋಕೆ 'ಕವಾಯೀ', ಅದು ಲೋಕಕ್ಕೇ ಗೊತ್ತು. ಆದರೆ ನಾನು ಅತಿ ಬುದ್ಧಿವಂತೆ. ಅತ್ತಿಗೆ ಊಟದ ಫೋಟೋ ಕಳಿಸಿದಾಗೆಲ್ಲ ನಾನು 'ಒಯಿಶೀ' ಅಂತ ಬರೀತಿದ್ದೆ. ತಿನ್ನದೆ ರುಚಿ ಅನ್ನೋ ಹಾಗಿಲ್ಲ, 'ಇ' ತೆಗೆದು 'ಸೋ' ಹಚ್ಚು, 'ಒಯಿಶಿಸೋ', ರುಚಿಯಾಗಿರೋ ಹಾಗೆ ಕಾಣ್ತಿದೆ ಅಂತ ಅವಳೇ ಹೇಳಿಕೊಟ್ಟಿದ್ದಳು. ಮಗುವನ್ನೂ ನಾನು ನೋಡ್ತಿರೋದು ಫೋಟೋದಲ್ಲಿ. ಹಾಗಾದರೆ ನಿಯಮದ ಪ್ರಕಾರ ಮುದ್ದಾಗಿ ಕಾಣ್ತಿದೆ ಅನ್ನೋಕೆ...

"ಕವಾಯಿಸೋ" ಅಂದೆ. ನಗುತ್ತಾ ಅಂದೆ.

ಒಕಾಸಾನ್ ಮುಖದ ಮೇಲಿದ್ದ ನಗು ಹೋಯ್ತು. ಟ್ಯಾಬ್ ಕೆಳಗಿಟ್ಟರು. "ಸೋ ದೆಸು ನೇ," ಅಂದರೆ ಹೌದಮ್ಮ ಅಂದು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಪಕ್ಕದಲ್ಲಿದ್ದ ನಮ್ಮಮ್ಮ, "ಏನಂದ್ಯೇ ನೀನು?" ಅಂತ ನನ್ನ ತೋಳು ಚಿವುಟಿದಳು.

ಆ ನಿಯಮ ನಡೆಯದ ಪದ ಅದೊಂದು. 'ಕವಾಯಿಸೋ' ಅಂದರೆ ಮುದ್ದಾಗಿ ಕಾಣ್ತಿದೆ ಅಂತಲ್ಲ. ಅಯ್ಯೋ ಪಾಪ ಅಂತ.

ಆಸ್ಪತ್ರೆಯಲ್ಲಿದ್ದ ಕೂಸನ್ನ ತೋರಿಸಿದ ಅಜ್ಜಿಗೆ, ನಗುಮುಖ ಮಾಡಿಕೊಂಡು ಪಾಪ ಅಂದೆನಲ್ಲ ಅಂತ ಆ ರಾತ್ರಿ ನಿದ್ದೆ ಬರಲಿಲ್ಲ. ಅತ್ತಿಗೆಗೆ ಇಂಗ್ಲಿಷಿನಲ್ಲಿ ಉದ್ದ ಮೆಸೇಜ್ ಬರೆದು ಕ್ಷಮೆ ಕೇಳಿದೆ. ಬೆಳಿಗ್ಗೆ ಉತ್ತರ ಬಂತು. ಆಸ್ಪತ್ರೆಯಲ್ಲಿ ಎಲ್ಲರೂ ಪರವಾಗಿಲ್ಲ, ಸಾಮಾನ್ಯ, ಗಾಬರಿ ಬೇಡ ಅಂತಲೇ ಹೇಳ್ತಿದ್ದಾರೆ, ನೀನೊಬ್ಬಳು ಮಗುವನ್ನ ನೋಡಿ ಪಾಪ ಅಂದೆ ಅಂತ ಅಮ್ಮ ಹೇಳಿದಳು, ತಪ್ಪು ತಿಳ್ಕೊಂಡಿಲ್ಲ ಅಂತ ಬರೆದಿದ್ದಳು.

ಈ ಎರಡು ಪದಗಳಿಗೆ ಹಳೇ ನಂಟಿದೆ ಅಂತ ಆಮೇಲೆ ಓದಿದೆ. ಇವತ್ತು ಮುದ್ದು ಅನ್ನೋ ಅರ್ಥದ 'ಕವಾಯೀ'ಗೆ ಹಿಂದಿನ ಕಾಲದಲ್ಲಿ ಕನಿಕರ ಹುಟ್ಟಿಸೋದು ಅನ್ನೋ ಅರ್ಥವಿತ್ತು. ಅಮ್ಮನಿಗೆ ಹೇಳಿದೆ. "ಅದರಲ್ಲೇನಿದೆ, ನಾವೂ ಪಾಪುನ ನೋಡಿದರೆ ಪಾಪ ಅನ್ನಲ್ವಾ" ಅಂದಳು. ಎರಡು ದಿನ ಬಿಟ್ಟು ನೀಲಿ ಬೆಳಕು ತೆಗೆದರು. ಒಕಾಸಾನ್ ಒಂದೇ ಪದದ ಮೆಸೇಜ್ ಕಳಿಸಿದ್ದರು. ಯೊಕತ್ತಾ. ಡಿಕ್ಷನರಿ ನೋಡದೆ ನನಗೆ ಅರ್ಥವಾದ ಮೊದಲ ಮೆಸೇಜ್ ಅದು.

ಒಂದು ತಿಂಗಳಾದ ಮೇಲೆ ಅವರೇ ಒಂದು ಪ್ರಶ್ನೆ ಕೇಳಿದರು. ನಿಮ್ಮಮ್ಮ ಊರಲ್ಲಿ ಒಬ್ಬರೇ ಇರೋದಲ್ವಾ, ಅವರಿಗೆ ಒಂಟಿ ಅನ್ನಿಸಲ್ವಾ? 'ಸಬಿಶೀ' ಅಂದರೆ ಒಂಟಿತನದ ಬೇಜಾರು. ಇ ಗುಂಪು, ನಿಷೇಧ ರೂಪ ನನಗೆ ಗೊತ್ತು. ಅಮ್ಮನಿಗೆ 'ಹಹಾ'. "ಹಹಾ ವಾ ಸಬಿಶಿಕುನಾಯ್ ದೆಸು" ಅಂದೆ. ಅಮ್ಮನಿಗೆ ಬೇಜಾರಿಲ್ಲ. ಒಂದೂ ತಪ್ಪಿಲ್ಲದೆ ಹೇಳಿದೆ ಅಂತ ಖುಷಿಯಾಗಿ ಶನಿವಾರ ಕ್ಲಾಸಿನಲ್ಲಿ ಕೊಚ್ಚಿಕೊಂಡೆ.

ಸೆನ್ಸೇ ಕೇಳಿದರು, "ಅದು ನಿಮಗೆ ಹೇಗೆ ಗೊತ್ತು?"

ನಾನು ವ್ಯಾಕರಣದ ಪ್ರಶ್ನೆ ಅಂದ್ಕೊಂಡೆ. ವ್ಯಾಕರಣದ ಪ್ರಶ್ನೆಯೇ ಅದು. ಸಬಿಶೀ, ಉರೆಶೀ (ಸಂತೋಷ), ಹೊಶೀ (ಬೇಕು) ಅನ್ನೋ ಮನಸ್ಸಿನೊಳಗಿನ ಗುಣವಾಚಕಗಳನ್ನ ಜಪಾನಿಯವರು ಸುಮ್ಮನೆ ಬೇರೆಯವರ ಮೇಲೆ ಹಾಕಲ್ಲ. ನನ್ನ ಬಗ್ಗೆ ನಾನು ಹೇಳಬಹುದು. ಎದುರಿಗಿದ್ದವರನ್ನ ಕೇಳಬಹುದು. ಮೂರನೆಯವರ ಬಗ್ಗೆಯಾದರೆ 'ಸಬಿಶಿಸೋ', ಬೇಜಾರಾದ ಹಾಗೆ ಕಾಣ್ತಾರೆ ಅನ್ನಬೇಕು. ಇಲ್ಲವೇ ಅವರು ಹಾಗೆ ಹೇಳಿದರು ಅನ್ನಬೇಕು. ಇದೇ 'ಸೋ'ವನ್ನ 'ಇ' ತೆಗೆಯದೆ ಪೂರ್ತಿ ಪದಕ್ಕೆ ಹಚ್ಚಿದರೆ ಅರ್ಥ ಬೇರೆ. 'ಒಯಿಶಿಸೋ' ಅಂದರೆ ರುಚಿ ಇರೋ ಹಾಗಿದೆ, 'ಒಯಿಶೀ ಸೋ ದೆಸು' ಅಂದರೆ ರುಚಿಯಾಗಿದೆಯಂತೆ.

'ಅಂತೆ' ನಮ್ಮಲ್ಲೂ ಇದೆ. ಪಕ್ಕದ ಮನೆ ಮದುವೆಗೆ, ಸಿನಿಮಾ ಕಥೆಗೆ, ಆಫೀಸ್ ಗಾಸಿಪ್‌ಗೆ ದಿನಕ್ಕೆ ನೂರು ಸಲ ಬಳಸ್ತೀನಿ. ಅಪ್ಪ ಹೋಗಿ ಮೂರು ವರ್ಷವಾಯ್ತು. ಅಣ್ಣ ವಾರವಾರ ಕೇಳ್ತಾನೆ, ಅಮ್ಮ ಹೇಗಿದ್ದಾಳೆ. ನಾನು ವಾರವಾರ ಹೇಳ್ತೀನಿ, ಆರಾಮಾಗಿದ್ದಾಳೆ. ಆರಾಮಂತೆ ಅಂತ ಒಂದು ಸಲವೂ ಅಂದಿಲ್ಲ. ಯಾಕಂದರೆ ಅವಳು ಹಾಗಂತ ಹೇಳಿರಲೇ ಇಲ್ಲ. ನಾನು ಕೇಳಿರಲೂ ಇಲ್ಲ. ಊಟ ಆಯ್ತಾ, ಮಾತ್ರೆ ತಗೊಂಡ್ಯಾ, ಕರೆಂಟ್ ಬಿಲ್ ಕಟ್ಟಿದೆ, ಇಷ್ಟೇ ನಮ್ಮ ಮಾತು.

ಆ ಶನಿವಾರ ರಾತ್ರಿಯೇ ಬಸ್ಸು ಹತ್ತಿದೆ. ಭಾನುವಾರ ಬೆಳಿಗ್ಗೆ ಅಮ್ಮ ಕಾಯಿ ತುರೀತಿದ್ದಳು.

"ಅಮ್ಮ, ನಿಂಗೆ ಒಬ್ಬಳೇ ಇರೋಕೆ ಬೇಜಾರಾಗುತ್ತಾ?"

"ಏನು ಬೇಜಾರು? ಕೆಲಸ ಇರುತ್ತೆ, ಟಿವಿ ಇದೆ, ಎದುರು ಮನೆಯವರು ಬರ್ತಾರೆ."

ನಾನು ಸುಮ್ಮನಿದ್ದೆ. ಪೂರ್ತಿ ಒಂದು ಹೋಳು ತುರಿದು ಮುಗಿಸಿದ ಮೇಲೆ ಅವಳೇ ಮಾತಾಡಿದಳು. "ಸಂಜೆ ಲೈಟ್ ಹಾಕೋ ಹೊತ್ತಲ್ಲಿ ಸ್ವಲ್ಪ ಆಗುತ್ತೆ. ನಿಮ್ಮಪ್ಪ ಬರೋ ಹೊತ್ತದು. ಹಾಕಿದ ಮೇಲೆ ಏನಿಲ್ಲ." ಇನ್ನರ್ಧ ಹೋಳು ತುರಿದು, "ಮಗೂನ ಒಂದ್ಸಲ ಎತ್ಕೋಬೇಕು" ಅಂದಳು.

ಹೋಗೋಣ ಅಂತ ಅಣ್ಣ ಮೊದಲೇ ಕರೆದಿದ್ದ. ಅಷ್ಟು ದೂರ ಅವಳಿಗೆ ಆಗಲ್ಲ, ಇಷ್ಟವೂ ಇಲ್ಲ ಅಂತ ಉತ್ತರ ಕೊಟ್ಟವಳು ನಾನು. ಅವಳ ಬಾಯಿಂದ ನಾನೇ ಮಾತಾಡಿದ್ದೆ.

ಈಗ ಅಮ್ಮನ ಪಾಸ್‌ಪೋರ್ಟ್ ಅರ್ಜಿ ಹೋಗಿದೆ. ಪೊಲೀಸ್ ವೆರಿಫಿಕೇಶನ್‌ಗೆ ಬಂದವರಿಗೆ ಕಾಫಿ ಕೊಟ್ಟು, ಜಪಾನಿಗೆ ಹೊರಟಿದ್ದೀನಿ ಅಂತ ಬೀದಿಗೆಲ್ಲ ಕೇಳೋ ಹಾಗೆ ಹೇಳಿದಳಂತೆ. ಎದುರು ಮನೆಯವರು ಹೇಳಿದ್ದು, ಹಾಗಾಗಿ ಅಂತೆ.

ದಿನಕ್ಕೊಂದು ಪದ ಹೇಳಿಕೊಡು ಅಂತ ನನಗೆ ತಾಕೀತು ಮಾಡಿದ್ದಾಳೆ. ಒಯಿಶೀ ಬಂತು, ಸಮುಯಿ ಬಂತು. ನಿನ್ನೆ ಫೋನ್ ಮಾಡಿದಾಗ ಸಬಿಶೀ ಹೇಳಿಕೊಟ್ಟೆ. ಎರಡು ಸಲ ಅಂದು ನೋಡಿ, "ಇದು ಬೇಡ, ಇನ್ನೊಂದು ಹೇಳು, ಆ ಒಳ್ಳೇದಾಯ್ತು ಅನ್ನೋದು" ಅಂದಳು.

"ಯೊಕತ್ತಾ."

"ಹಾಂ, ಅದು. ಬೀಗಿತ್ತಿನ ಕಂಡ ತಕ್ಷಣ ಅದನ್ನೇ ಅನ್ತೀನಿ."